ಷಡ್ಜವನ್ನು ಪೆಟ್ಟಿಗೆಯಲ್ಲಿ ಇಟ್ಟವರು

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಬತ್ತದ ಗದ್ದೆಗಳ ನಡುವೆ, ಆರ್.ಎಚ್. ಕ್ಯಾಂಪ್ ಎಂಬ ಹೆಸರಿನ ಊರುಗಳಿವೆ. ಪೂರ್ವ ಪಾಕಿಸ್ತಾನದಲ್ಲಿ ಮನೆಮಾರು ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರವು ಪುನರ್ವಸತಿ ಕಲ್ಪಿಸಿದ ಶಿಬಿರಗಳಿವು. ಕಾಲಕ್ರಮದಲ್ಲಿ ಶಿಬಿರವು ಊರಾಯಿತು. ಹೆಸರು ಮಾತ್ರ ಕ್ಯಾಂಪ್ ಎಂದೇ ಉಳಿಯಿತು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ ಎಂಬುದು ಅಲ್ಲಿನ ಬಾಳಿನ ರೀತಿ.

ಆ ಕುಟುಂಬಗಳು ಬಿಟ್ಟುಬಂದ ನಾಡು ನಾಮಸಂಕೀರ್ತನೆಯ ನಾಡು. ಬಂಗಾಳದ ವೈಷ್ಣವರಲ್ಲಿ ಅಷ್ಟಪ್ರಹರ ಕೀರ್ತನೆಯೆಂಬ ಪದ್ಧತಿಯಿದೆ. ಖೋಲ್, ಕರತಾಳ, ಹಾರ್ಮೋನಿಯಮ್ಮುಗಳ ಜತೆಯಲ್ಲಿ ಭಗವಂತನ ನಾಮವೊಂದನ್ನೇ ಎಂಟು ಪ್ರಹರ, ಎಂದರೆ ಇಪ್ಪತ್ತನಾಲ್ಕು ಗಂಟೆಗಳ ಕಾಲ, ಬಿಡುವಿಲ್ಲದೆ ಹಾಡುವುದು ಅದರ ನಿಯಮ. ಒಂದು ತಂಡ ದಣಿದರೆ ಮತ್ತೊಂದು ತಂಡ ಎದ್ದು ನಿಲ್ಲುತ್ತದೆ. ನಾಮ ಬದಲಾಗದು, ಆದರೆ ರಾಗ ತುಸು ಹೊರಳುತ್ತದೆ, ಲಯ ತುಸು ಏರುತ್ತದೆ, ಇಳಿಯುತ್ತದೆ. ಉತ್ತರ ಕರ್ನಾಟಕದ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ವಿಠ್ಠಲ ಭಕ್ತರ ಭಜನಾ ಸಪ್ತಾಹದಲ್ಲಿ ಏಳು ದಿನಗಳ ಕಾಲ ವೀಣೆಯನ್ನು ನೆಲಕ್ಕೆ ತಾಗಿಸದೆ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತ ಹೋಗುವುದನ್ನು ಎಷ್ಟೋ ಮನೆತನಗಳು ಕಣ್ಣಾರೆ ಕಂಡಿವೆ. ಅಲ್ಲಿಯೂ ಶ್ರುತಿ ನಿಲ್ಲಬಾರದು; ಅದನ್ನು ಹಿಡಿದ ಮನುಷ್ಯರು ಬದಲಾಗಬಹುದು, ಅಷ್ಟೆ.

ಒಂದೇ ಸ್ವರ ನಿಲ್ಲುವುದು, ಒಂದೇ ಚರಣ ಮರಳಿ ಮರಳಿ ಬರುವುದು, ಬದಲಾವಣೆಯು ಮೊಸರು ಹೆಪ್ಪುಗಟ್ಟುವಂತೆ ಗೊತ್ತಾಗದ ಹಾಗೆ ಆಗುವುದು - ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು 1960ರ ದಶಕದಲ್ಲಿ ಅಮೆರಿಕದ ಕೆಲವು ತರುಣ ಸಂಗೀತಗಾರರು ಹೊಸ ಮಾರ್ಗವೊಂದನ್ನು ತೆರೆದರು. ಅದಕ್ಕೆ ‘ಮಿನಿಮಲಿಸಂ’ ಎಂಬ ಹೆಸರು ಬಿದ್ದಿತು. ಮಿತಸಂಗೀತವೆಂದು ಕನ್ನಡದಲ್ಲಿ ಕರೆಯಬಹುದು. ಇದೇ ಸಂಗೀತವು ಟೇಪ್ ಯಂತ್ರ, ವಿದ್ಯುತ್ ವಾದ್ಯ, ಧ್ವನಿಮುದ್ರಣ ಶಾಲೆಗಳೊಡನೆ ಬೆರೆತು ಇಂದು ಜಗತ್ತಿನಾದ್ಯಂತ ಹರಡಿದೆ. ಚಲನಚಿತ್ರಗಳ ಹಿನ್ನೆಲೆಯಲ್ಲಿ ಅದನ್ನು ಕೇಳದವರು ವಿರಳ. ಅಚ್ಚರಿಯ ಸಂಗತಿಯೆಂದರೆ, ಈ ಹೊಸ ಮಾರ್ಗದ ಒಂದು ಬೇರು ಕುಂದಗೋಳ, ಹುಬ್ಬಳ್ಳಿ, ಗದಗುಗಳ ಗಾಯಕರು ಸೇರಿದ ಮನೆತನದಲ್ಲಿಯೇ ಇದೆ. ಅದರ ಯಂತ್ರಕ್ಕೆ ದಾಯಾದಿಯಾದ ಇನ್ನೊಂದು ಯಂತ್ರವು ಬೆಂಗಳೂರಿನಲ್ಲಿ ಹುಟ್ಟಿತು.

ಮೊದಲು ಅಮೆರಿಕದ ಮಾತು. ಲಾ ಮಾಂಟ್ ಯಂಗ್ 1935ರಲ್ಲಿ ಐಡಹೋ ಪ್ರಾಂತದ ಬರ್ನ್ ಎಂಬ ಕುಗ್ರಾಮದಲ್ಲಿ, ಮರದ ದಿಮ್ಮಿಗಳ ಗುಡಿಸಲಲ್ಲಿ ಹುಟ್ಟಿದವರು. ದಿಮ್ಮಿಗಳ ಸಂದಿಯಲ್ಲಿ ನುಗ್ಗುವ ಗಾಳಿಯ ಸದ್ದು, ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ - ಇವೇ ತಮ್ಮ ಮೊದಲ ಸಂಗೀತ ಪಾಠಗಳೆಂದು ಅವರು ಮುಂದೆ ಹೇಳಿಕೊಂಡರು. ಇದು ಹುಚ್ಚು ಮಾತಾಗಿ ಕೇಳಿಸಬಹುದು. ಆದರೆ ರಾತ್ರಿಯ ಹೊತ್ತು ಗದ್ದೆಬದುವಿನ ಟ್ರಾನ್ಸ್‌ಫಾರ್ಮರಿನ ಬಳಿ ಸುಮ್ಮನೆ ನಿಂತವರು ಅದನ್ನು ತಳ್ಳಿಹಾಕಲಾರರು. ಆ ಸದ್ದಿಗೂ ಒಂದು ಷಡ್ಜವಿದೆ. ಅಮೆರಿಕದಲ್ಲಿ ವಿದ್ಯುತ್ತು ಕ್ಷಣಕ್ಕೆ 60 ಆವರ್ತ ತಿರುಗಿದರೆ ಭಾರತದಲ್ಲಿ 50 ತಿರುಗುತ್ತದೆ. ಆದುದರಿಂದ ಎರಡು ದೇಶಗಳ ತಂತಿಗಳ ಶ್ರುತಿ ಬೇರೆ, ಅಷ್ಟೇ ವ್ಯತ್ಯಾಸ. ಯಂಗ್ ತಮ್ಮ ಒಂದು ಕೃತಿಯನ್ನು ಆ 60 ಆವರ್ತದ ಶ್ರುತಿಗೇ ಹೊಂದಿಸಿಕೊಂಡರು.

ಅವರ ಗೆಳೆಯ ಟೆರಿ ರೈಲಿ 1964ರಲ್ಲಿ ‘ಇನ್ ಸಿ’ ಎಂಬ ಕೃತಿಯನ್ನು ರಚಿಸಿದರು. ಅದರಲ್ಲಿರುವುದು 53 ಪುಟ್ಟ ಸ್ವರಗುಚ್ಛಗಳು ಮಾತ್ರ. ಎಷ್ಟು ಮಂದಿ ಬೇಕಾದರೂ ನುಡಿಸಬಹುದು. ಪ್ರತಿಯೊಬ್ಬರೂ ಒಂದೊಂದು ಗುಚ್ಛವನ್ನು ತಮಗೆ ತೋರಿದಷ್ಟು ಸಲ ನುಡಿಸಿ ಮುಂದಿನದಕ್ಕೆ ದಾಟಬಹುದು. ಹಿನ್ನೆಲೆಯಲ್ಲಿ ಒಂದೇ ಸ್ವರ ಟಕಟಕನೆ ಬಡಿಯುತ್ತಿರುತ್ತದೆ. ಆ ಬಡಿತವನ್ನು ಸೂಚಿಸಿದವರು ಸ್ಟೀವ್ ರೈಕ್. ಇದೇ ರೈಕ್ 1965ರಲ್ಲಿ ಬೀದಿಯ ಉಪದೇಶಕನೊಬ್ಬನ ಮಾತನ್ನು ಟೇಪಿನಲ್ಲಿ ಹಿಡಿದು, ಅದರ ಒಂದೇ ತುಣುಕನ್ನು ಎರಡು ಯಂತ್ರಗಳಲ್ಲಿ ಕೂಡಿಯೇ ಓಡಿಸಿದರು. ಯಂತ್ರಗಳೆರಡರ ವೇಗ ಕೂದಲೆಳೆಯಷ್ಟು ಬೇರೆಯಾಗಿದ್ದುದರಿಂದ ಮಾತು ಮೆಲ್ಲನೆ ಒಂದರ ಮೇಲೊಂದು ಜಾರಿ, ಅರ್ಥ ಕರಗಿ, ಬರಿಯ ಲಯವಾಯಿತು. ಆಕಸ್ಮಿಕವಾಗಿ ದೊರೆತ ಈ ಜಾರುವಿಕೆಯೇ ಅವರ ಸಂಗೀತದ ಅಡಿಗಲ್ಲಾಯಿತು. ರೈಲಿಯಾದರೋ 1969ರಲ್ಲಿ ಪ್ರಕಟವಾದ ತಮ್ಮ ಧ್ವನಿಮುದ್ರಿಕೆಯೊಂದರಲ್ಲಿ ವಾದ್ಯಗಳನ್ನೆಲ್ಲ ತಾವೊಬ್ಬರೇ, ಒಂದರ ಮೇಲೊಂದು ಪದರವಾಗಿ ನುಡಿಸಿ ಸೇರಿಸಿದರು. ಸ್ಟುಡಿಯೋ ಎಂಬುದು ಸಂಗೀತವನ್ನು ಹಿಡಿದಿಡುವ ಸ್ಥಳ ಮಾತ್ರವಲ್ಲ, ತಾನೇ ಒಂದು ವಾದ್ಯ ಎಂಬ ಅರಿವು ಹೀಗೆ ಬೇರೂರಿತು.

ಇನ್ನೊಬ್ಬ ತರುಣ ಫಿಲಿಪ್ ಗ್ಲಾಸ್. ಆತ 1960ರ ದಶಕದ ನಡುವಿನಲ್ಲಿ ಪ್ಯಾರಿಸ್ಸಿನಲ್ಲಿ ಪಂಡಿತ ರವಿಶಂಕರರು ಚಲನಚಿತ್ರವೊಂದಕ್ಕೆ ನೀಡಿದ ಸಂಗೀತವನ್ನು ಪಾಶ್ಚಾತ್ಯ ಲಿಪಿಗೆ ಇಳಿಸಿಕೊಡುವ ಕೆಲಸಕ್ಕೆ ನಿಂತವರು. ಆವರ್ತ ತಾಳದ ಮರ್ಮ ಹೊಳೆದದ್ದು ಅಲ್ಲಿಯೇ. ಗಾಂಧೀಜಿಯವರ ದಕ್ಷಿಣ ಆಫ್ರಿಕದ ಹೋರಾಟವನ್ನು ಕುರಿತ ಅವರ ಗೀತನಾಟಕ ‘ಸತ್ಯಾಗ್ರಹ’ 1980ರಲ್ಲಿ ರಂಗವೇರಿದಾಗ ಪಾತ್ರಗಳು ಹಾಡಿದ್ದು ಭಗವದ್ಗೀತೆಯ ಸಂಸ್ಕೃತವನ್ನು. ಆದರೂ ಗ್ಲಾಸರದು ದೂರದ ನೆಂಟತನ. ಯಂಗ್ ಮತ್ತು ರೈಲಿಯವರದು ಹಾಗಲ್ಲ. ಅವರು ಗುರುವಿನ ಮುಂದೆ ಕುಳಿತು ಕಲಿತವರು.

ಆ ಗುರು ಪಂಡಿತ ಪ್ರಾಣನಾಥ್. 1918ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಶಿಷ್ಯರು. ಕಿರಾಣಾ ಎಂದೊಡನೆ ಕನ್ನಡಿಗರ ಕಿವಿ ನೆಟ್ಟಗಾಗಬೇಕು. ಅದೇ ಮನೆತನದ ಇನ್ನೊಂದು ಕವಲಿನ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮಿರಜಿನಲ್ಲಿ ನೆಲೆನಿಂತು, ಮೈಸೂರು ಆಸ್ಥಾನಕ್ಕೂ ಬಂದುಹೋಗುತ್ತಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದವರು ಗಂಗೂಬಾಯಿ ಹಾನಗಲ್ಲರು. ಕರೀಮ್ ಖಾನರು ಹಾಡಿದ ಝಿಂಝೋಟಿಯ ಠುಮರಿಯನ್ನು ಗ್ರಾಮೊಫೋನ್ ತಟ್ಟೆಯಲ್ಲಿ ಕೇಳಿ, ಅಂತಹ ಗುರುವನ್ನರಸಿ ಬಾಲ್ಯದಲ್ಲಿಯೇ ಗದಗಿನ ಮನೆಬಿಟ್ಟವರು ಭೀಮಸೇನ ಜೋಶಿಯವರು. ಗುರುಮನೆಯ ಲೆಕ್ಕದಲ್ಲಿ ನೋಡಿದರೆ ನ್ಯೂಯಾರ್ಕಿನ ಯಂಗ್ ಮತ್ತು ಹುಬ್ಬಳ್ಳಿಯ ಗಂಗೂಬಾಯಿಯವರು ದೊಡ್ಡಪ್ಪ, ಚಿಕ್ಕಪ್ಪಂದಿರ ಕವಲಿನವರೇ ಸರಿ.

ಈ ಘರಾಣೆಯ ಗುಣವೇನು? ಸ್ವರವೇ ಪ್ರಧಾನ. ತಾನಿನ ಸಿಡಿಮದ್ದಿಗಿಂತ ಒಂದೊಂದು ಸ್ವರವನ್ನೂ ಅದರ ನಿಜವಾದ ಜಾಗದಲ್ಲಿ ನಿಲ್ಲಿಸಿ, ಸುತ್ತಿ, ಬೆಳಗಿಸಿ ಮುಂದಿನ ಸ್ವರಕ್ಕೆ ಅಡಿಯಿಡುವುದು. ವಹೀದ್ ಖಾನರು ರಾಗವನ್ನು ಅತಿವಿಲಂಬಿತದಲ್ಲಿ ಬೆಳೆಸುವುದಕ್ಕೆ ಹೆಸರಾಗಿದ್ದವರು. ಹೀಗೆ ಹಾಡುವವರಿಗೆ ಆಧಾರ ತಂಬೂರಿ. ಪ್ರಾಣನಾಥರು ತಂಬೂರಿಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ ತಮ್ಮದೇ ಮಾದರಿಯ ವಾದ್ಯಗಳನ್ನು ಮಾಡಿಸಿಕೊಂಡರು. 1970ರಲ್ಲಿ ಅವರು ಅಮೆರಿಕಕ್ಕೆ ಹೋದರು. ಯಂಗ್, ಅವರ ಪತ್ನಿ ಮೇರಿಯನ್ ಝಜೀಲಾ, ರೈಲಿ ಮೂವರೂ ಶಿಷ್ಯರಾದರು. ಆ ಹೊತ್ತಿಗೆ ಯಂಗ್ ಮತ್ತು ರೈಲಿ ಇಬ್ಬರೂ ತಮ್ಮ ದೇಶದಲ್ಲಿ ಹೆಸರು ಮಾಡಿದ್ದವರು. ಅಂಥವರು ಗುರುವಿನ ಹಿಂದೆ ಕುಳಿತು ತಂಬೂರಿ ಮೀಟಿದರು. ಒಂದೆರಡು ದಿನವಲ್ಲ, 1996ರಲ್ಲಿ ಗುರು ಕಣ್ಮುಚ್ಚುವವರೆಗೆ, ಇಪ್ಪತ್ತಾರು ವರ್ಷ. ಯಂಗ್ ದಂಪತಿಗಳು 1982ರಲ್ಲಿ ಧ್ವನಿಮುದ್ರಿಸಿದ ಒಂದು ತಟ್ಟೆಯಲ್ಲಿ ಗಾಯನವೇ ಇಲ್ಲ, ಒಂದು ಗಂಟೆಗೂ ಮಿಕ್ಕ ಕಾಲ ಬರಿಯ ತಂಬೂರಿ. ಕಛೇರಿ ಆರಂಭವಾಗಲೆಂದು ಕಾಯುವ ನಮ್ಮ ರಸಿಕರಿಗೆ ಅದು ವಿನೋದವಾಗಿ ಕಂಡೀತು. ಆದರೆ ಆ ತಟ್ಟೆಯನ್ನು ಕೇಳಿಸಿಕೊಂಡವರಿಗೆ ತಂಬೂರಿಯೊಳಗೆ ಎಷ್ಟು ಸ್ವರಗಳು ಹುದುಗಿವೆ ಎಂಬುದು ತಿಳಿಯುತ್ತದೆ.

ಆ ಹುದುಗಿರುವ ಸ್ವರಗಳ ಸಂಗತಿ ಸ್ವಲ್ಪ ವಿಚಾರಾರ್ಹ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು: ಪಂಚಮ, ಎರಡು ಷಡ್ಜ, ಒಂದು ಮಂದ್ರ ಷಡ್ಜ. ಇವುಗಳಲ್ಲಿ ಗಾಂಧಾರವೆಂಬುದೇ ಇಲ್ಲ. ಆದರೂ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಗಾಂಧಾರವು ತಾನಾಗಿ ಎದ್ದು ಕೇಳಿಸುತ್ತದೆ. ಸ್ವಯಂಭೂ ಗಾಂಧಾರವೆಂದು ಅದಕ್ಕೆ ಹೆಸರು. ಮಂದ್ರದ ತಂತಿಯು ಕ್ಷಣಕ್ಕೆ 120 ಸಲ ಕಂಪಿಸಿದರೆ ಅದರ ಐದರಷ್ಟು, ಎಂದರೆ 600 ಕಂಪನಗಳ ನಾದವೂ ಅದರ ಒಡಲಲ್ಲೇ ಇರುತ್ತದೆ. ಆ 600 ಎಂಬುದೇ ಗಾಂಧಾರ. ಇತರ ವಾದ್ಯಗಳಲ್ಲಿ ಅದು ಅಡಗಿಕೊಂಡೇ ಇರುತ್ತದೆ. ತಂಬೂರಿಯಲ್ಲಿ ಹೊರಗೆ ಬರಲು ಕಾರಣ ಅದರ ಕುದುರೆ ಮತ್ತು ಜವಾರಿಯ ನೂಲು. ಕುದುರೆಯ ಮೈ ಚಪ್ಪಟೆಯಾಗಿಲ್ಲ, ತುಸು ಬಾಗಿದೆ. ತಂತಿಯ ಕೆಳಗೆ ಸಿಕ್ಕಿಸಿದ ಎಳೆ ನೂಲನ್ನು ಅತ್ತಿತ್ತ ಸರಿಸಿದಾಗ ಒಂದು ನೆಲೆಯಲ್ಲಿ ತಂತಿಯು ಕುದುರೆಯನ್ನು ಮುಟ್ಟಿಯೂ ಮುಟ್ಟದಂತೆ ಕಂಪಿಸುತ್ತದೆ; ನಾದವು ಹೂವಿನಂತೆ ಬಿರಿಯುತ್ತದೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪನಾದ ಹುಟ್ಟಬಾರದು ಎಂಬುದಕ್ಕೆ ಐರೋಪ್ಯ ಶಾಸ್ತ್ರಜ್ಞರು ನಿಯಮವೊಂದನ್ನು ವಿಧಿಸಿದ್ದರು. ತಂಬೂರಿ ಮತ್ತು ವೀಣೆಗಳು ಆ ನಿಯಮವನ್ನು ಪಾಲಿಸುವುದೇ ಇಲ್ಲವೆಂದು 1921ರಲ್ಲಿ ಪ್ರಬಂಧ ಬರೆದು ತೋರಿಸಿದವರು, ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ಸರ್ ಸಿ.ವಿ. ರಾಮನ್.

ಹಾರ್ಮೋನಿಯಮ್ಮಿನ ಗಾಂಧಾರವಾದರೋ ಪಾಶ್ಚಾತ್ಯ ಪಿಯಾನೋದಂತೆ ಸಮಭಾಗ ಮಾಡಿ ಕೂಡಿಸಿದ್ದು. ಸ್ವಯಂಭೂ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದು ಪಾಲಿನಷ್ಟು ಏರಿದೆ. ಅಬ್ದುಲ್ ಕರೀಮ್ ಖಾನರು ಸಾಂಗಲಿಯ ಕೃ.ಬಾ. ದೇವಲರ ಶ್ರುತಿಸಂಶೋಧನೆಗೆ ತಮ್ಮ ಕಂಠವನ್ನೇ ಒಡ್ಡಿದ್ದು ಈ ವ್ಯತ್ಯಾಸವನ್ನು ಅಳೆಯುವುದಕ್ಕಾಗಿ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿದ್ದಕ್ಕೂ ಇಂತಹ ವಾದವೇ ಒಂದು ಕಾರಣ. ಯಂಗ್ ಪಿಯಾನೋವನ್ನು ಬಿಚ್ಚಿ ಸ್ವಾಭಾವಿಕ ಶ್ರುತಿಗೆ ಕೂಡಿಸಿ ಐದಾರು ಗಂಟೆಗಳ ಕಾಲ ನುಡಿಸಿದ್ದೂ ಇದೇ ಹಟದಿಂದ. ಬಳಿಕ ಅವರು ತಂತಿಯನ್ನೇ ಬಿಟ್ಟು, ವಿದ್ಯುತ್ ಕಂಪನಯಂತ್ರಗಳಿಂದ ಶುದ್ಧ ನಾದಗಳನ್ನು ಹೊರಡಿಸಿದರು. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ 1993ರಲ್ಲಿ ತೆರೆದ ಅವರ ‘ಸ್ವಪ್ನಗೃಹ’ದಲ್ಲಿ ಈ ನಾದಗಳು ಒಂದೇ ಸಮನೆ ಮೊಳಗುತ್ತವೆ. ಕುಳಿತವರು ತಲೆಯನ್ನು ಸ್ವಲ್ಪ ಹೊರಳಿಸಿದರೆ ಸಾಕು, ಬೇರೊಂದು ಸ್ವರ ಕೇಳಿಸುತ್ತದೆ. ಸ್ವರವೆಲ್ಲ ಮೊದಲೇ ಅಲ್ಲಿತ್ತು; ಹೊರಳಿದ್ದು ಕಿವಿ.

ಪಶ್ಚಿಮದವರು ತಂಬೂರಿಯ ಗುಟ್ಟನ್ನು ಯಂತ್ರಕ್ಕೆ ಕಲಿಸುತ್ತಿದ್ದಾಗ ಭಾರತವು ಸುಮ್ಮನೆ ಕುಳಿತಿರಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕನ್ ಸಂಗೀತಗಾರರು ಮೂಗ್ ಸಿಂಥಸೈಸರ್ ಯಂತ್ರವೊಂದನ್ನು ಕೂಡಿಸಿಕೊಟ್ಟರು. ಅದರ ಹಿಂದಿನ ಪ್ರೇರಣೆ ಗೀತಾ ಸಾರಾಭಾಯಿಯವರದು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜರಿಗೆ ಭಾರತೀಯ ಸಂಗೀತದ ಪಾಠ ಹೇಳಿದ್ದ ವಿದುಷಿ ಅವರು. ಅಲ್ಲಿ ಕೆಲವೇ ವರ್ಷ ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶೀಪುರಾ ಮೊದಲಾದವರು ಪ್ರಯೋಗಗಳನ್ನು ನಡೆಸಿದರು. ಬಳಿಕ ಯಂತ್ರ ಮೂಲೆಗೆ ಬಿದ್ದಿತು. ಟೇಪುಗಳು ಅರ್ಧ ಶತಮಾನ ಸಂಸ್ಥೆಯ ಭಂಡಾರದಲ್ಲಿ ಮಲಗಿದ್ದು, ಪಾಲ್ ಪರ್ಗಾಸ್ ಎಂಬ ಬ್ರಿಟಿಷ್ ಕಲಾವಿದರ ಕಣ್ಣಿಗೆ ಬಿದ್ದು, 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಕಲಾಶಾಲೆಯ ಗೋಡೆಯೊಳಗೆ ಹುಟ್ಟಿದ್ದು ಗೋಡೆಯೊಳಗೇ ಉಳಿಯಿತು.

ಬೆಂಗಳೂರಿನಲ್ಲಿ ಹುಟ್ಟಿದ್ದು ಹಾಗೆ ಉಳಿಯಲಿಲ್ಲ. ಜಿ. ರಾಜನಾರಾಯಣ್ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಇಲೆಕ್ಟ್ರಾನಿಕ್ಸ್ ಎಂಜಿನಿಯರಾಗಿದ್ದವರು. ಸಂಗೀತದಲ್ಲಿ ಕೊಳಲು ಅವರ ವಾದ್ಯ. ವಿಮಾನ ಕಾರ್ಖಾನೆಗೂ ತಂಬೂರಿಗೂ ಏನು ಸಂಬಂಧವೆಂದು ಕೇಳಬಹುದು. ಅವರು 1979ರಲ್ಲಿ ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ವಿದ್ವತ್ಸಭೆಯ ಮುಂದಿಟ್ಟರು. ಅವರು ಸ್ಥಾಪಿಸಿದ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ದೇಶದ ಉದ್ದಗಲಕ್ಕೂ, ಕಡಲಾಚೆಗೂ ಹೋದವು. ಇಲೆಕ್ಟ್ರಾನಿಕ್ ತಬಲಾ, ತಾಳಯಂತ್ರ, ಡಿಜಿಟಲ್ ವೀಣೆಗಳು ಅದರ ತಮ್ಮ ತಂಗಿಯರು.

ಪೆಟ್ಟಿಗೆಯ ಒಳಗಿನ ತತ್ತ್ವ ಸರಳ. ಕಂಪನ ಹುಟ್ಟಿಸುವ ವಿದ್ಯುನ್ಮಂಡಲಗಳು ನಾಲ್ಕು ತಂತಿಗಳ ಪಾತ್ರ ವಹಿಸುತ್ತವೆ. ಒಂದಾದ ಮೇಲೊಂದರಂತೆ ಅವು ಮೊಳಗುವ ಸರದಿಯನ್ನು ಮತ್ತೊಂದು ಮಂಡಲ ನಿಯಂತ್ರಿಸುತ್ತದೆ. ಒಂದು ಗುಬುಟು ಶ್ರುತಿಯನ್ನು ಏರಿಸಿ ಇಳಿಸುತ್ತದೆ. ಮತ್ತೊಂದು ಮೀಟಿನ ವೇಗವನ್ನು. ಪಂಚಮವಿಲ್ಲದ ರಾಗಕ್ಕೆ ಮಧ್ಯಮವನ್ನೋ ನಿಷಾದವನ್ನೋ ಆರಿಸಿಕೊಳ್ಳಲು ಮಗುದೊಂದು. ಆಮೇಲಿನ ಮಾದರಿಗಳಲ್ಲಿ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ, ಅಂಕಿಗಳಾಗಿ ಮಾಡಿ, ಸ್ಮರಣಕೋಶದಲ್ಲಿ ಕೂಡಿಟ್ಟರು. ರೈಕ್ ಟೇಪಿನ ತುಣುಕನ್ನು ಸುತ್ತಿಸಿದಂತೆಯೇ ಇಲ್ಲಿ ಒಂದು ಮೀಟಿನ ನಾದ ಸುತ್ತುತ್ತಲೇ ಇರುತ್ತದೆ.

ಇದರಿಂದಾದ ಉಪಕಾರ ಸಣ್ಣದಲ್ಲ. ತಂಬೂರಿ ಸೋರೆಬುರುಡೆಯ ವಾದ್ಯ. ಬಸ್ಸಿನ ಮೇಲಿಟ್ಟರೆ ಒಡೆಯುತ್ತದೆ, ಮಳೆಗಾಲಕ್ಕೆ ಬಿರಡೆ ಬಿಗಿಯುತ್ತದೆ, ಬೇಸಗೆಗೆ ಜಾರುತ್ತದೆ. ಜವಾರಿ ತೆಗೆಯಬಲ್ಲ ಕುಶಲಿಗಳು ಮಿರಜಿನಂತಹ ಊರುಗಳಲ್ಲಿ ಇದ್ದಾರೆಯೇ ಹೊರತು ತಾಲ್ಲೂಕಿಗೊಬ್ಬರಿಲ್ಲ. ನಗರದ ಎರಡು ಕೋಣೆಯ ಮನೆಯಲ್ಲಿ ನಾಲ್ಕೂವರೆ ಅಡಿಯ ವಾದ್ಯವನ್ನು ಎಲ್ಲಿ ಒರಗಿಸುವುದು ಎಂಬುದೇ ಗೃಹಿಣಿಗೆ ಚಿಂತೆ. ಇನ್ನು ಸಿಂಧನೂರಿನ ಕ್ಯಾಂಪಿನಂತಹ ಊರಿನಲ್ಲಿ ಮಗುವೊಂದು ಹಾಡಲು ಹಂಬಲಿಸಿದರೆ, ತಂಬೂರಿ ಮೀಟುವ ಎರಡನೆಯ ಕೈಯನ್ನು ಎಲ್ಲಿಂದ ತರುವುದು? ಟಿಫಿನ್ ಡಬ್ಬಿಗಿಂತ ತುಸು ದೊಡ್ಡದಾದ ಪೆಟ್ಟಿಗೆಯು, ಈಚೆಗಂತೂ ಮೊಬೈಲ್ ಫೋನು, ಆ ಕೊರತೆಯನ್ನು ತುಂಬಿದೆ. ಪೆಟ್ಟಿಗೆಯ ಶ್ರುತಿ ಜಾರುವುದಿಲ್ಲ; ಬೆಳಗಿನ ನಾಲ್ಕು ಗಂಟೆಗೂ ಬೇಸರಿಸದೆ ಮೊಳಗುತ್ತದೆ. ಸಾಧಕರಿಗೆ ಇದಕ್ಕಿಂತ ವಿಧೇಯ ಸಂಗಾತಿ ಯಾರು?

ಆದರೆ ಕಳೆದುಕೊಂಡದ್ದನ್ನೂ ಲೆಕ್ಕ ಹಾಕಬೇಕಷ್ಟೆ. ಹಳೆಯ ಕಛೇರಿಗಳ ಛಾಯಾಚಿತ್ರಗಳನ್ನು ತೆಗೆದು ನೋಡಿರಿ. ಗಾಯಕರ ಹಿಂದೆ, ಅರೆಬೆಳಕಿನಲ್ಲಿ, ತಂಬೂರಿ ಹಿಡಿದ ಒಬ್ಬಿಬ್ಬರು ತರುಣರೋ ತರುಣಿಯರೋ ಕುಳಿತಿರುತ್ತಾರೆ. ಅವರ ಹೆಸರು ಕರಪತ್ರದಲ್ಲಿ ಇರುತ್ತಿದ್ದುದು ಅಪರೂಪ. ಅವರಿಗೆ ಅದು ಪಾಠಶಾಲೆ. ಗುರು ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಂತರು, ತಬಲಾದವರತ್ತ ಯಾವಾಗ ನೋಡಿದರು, ಗಂಟಲು ಕೈಕೊಟ್ಟಾಗ ಹೇಗೆ ಸಾವರಿಸಿಕೊಂಡರು ಎಂಬುದನ್ನು ಮೂರು ಗಂಟೆಗಳ ಕಾಲ ಎರಡಡಿ ದೂರದಿಂದ ಕಲಿಯುವ ಶಾಲೆ ಬೇರೊಂದಿಲ್ಲ. ಗಂಗೂಬಾಯಿಯವರ ಹಿಂದೆ ಮಗಳು ಕೃಷ್ಣಾ ಹಾನಗಲ್ಲರು ಕುಳಿತು ದನಿಗೂಡಿಸುತ್ತಿದ್ದುದನ್ನು ಕಂಡವರಿಗೆ ಇದು ಗೊತ್ತು. ಪೆಟ್ಟಿಗೆಯು ವೇದಿಕೆಗೆ ಬಂದಾಗ ಖಾಲಿಯಾದದ್ದು ಆ ಜಾಗ. ನ್ಯೂಯಾರ್ಕಿನಲ್ಲಿ ವಿದ್ಯುನ್ನಾದದ ಪ್ರವೀಣರು ಗುರುವಿನ ಹಿಂದೆ ತಂಬೂರಿ ಹಿಡಿದು ಕುಳಿತಿದ್ದ ದಶಕದಲ್ಲಿಯೇ ಆ ಕೆಲಸಕ್ಕೆ ಇಲ್ಲಿ ಪೆಟ್ಟಿಗೆ ಸಿದ್ಧವಾಗುತ್ತಿತ್ತು ಎಂಬುದು ವಿಚಿತ್ರ ಕಾಕತಾಳೀಯ.

ಮತ್ತೊಂದು ಆಕ್ಷೇಪಣೆ ನಾದದ್ದು. ಮನುಷ್ಯರ ಬೆರಳು ಒಂದು ಮೀಟಿನಂತೆ ಇನ್ನೊಂದು ಮೀಟನ್ನು ಎಂದೂ ಮೀಟದು. ಆ ಏರುಪೇರಿನಲ್ಲಿಯೇ ಗಾಂಧಾರ ಒಮ್ಮೆ ಮುಂದೆ ಬಂದು ಒಮ್ಮೆ ಹಿಂದೆ ಸರಿಯುತ್ತದೆ. ಗಾಯಕರು ತಾರಕ್ಕೇರಿದಾಗ ಹಿಂದಿನವರು ಅರಿಯದೆಯೇ ಬೆರಳನ್ನು ಬಿಗಿಹಿಡಿಯುತ್ತಾರೆ. ಪೆಟ್ಟಿಗೆಗೆ ಇದಾವುದೂ ತಿಳಿಯದು. ಗಾಯಕರು ಅತ್ತರೂ ನಕ್ಕರೂ ಅದಕ್ಕೆ ಒಂದೇ. ಪಶ್ಚಿಮದ ಮಿತಸಂಗೀತಗಾರರು ಯಂತ್ರವನ್ನು ಬಳಸಿದ ಬಗೆಗೂ ಇದಕ್ಕೂ ಇರುವ ಅಂತರ ಇಲ್ಲಿಯೇ ಗೋಚರಿಸುತ್ತದೆ. ರೈಕ್ ಮೆಚ್ಚಿದ್ದು ಯಂತ್ರದ ನಿಖರತೆಯನ್ನಲ್ಲ, ಅದರ ಜಾರುವಿಕೆಯನ್ನು. ಬ್ರಿಯಾನ್ ಈನೋ ಎಂಬ ಆಂಗ್ಲರು 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ಸಂಗೀತ ರಚಿಸಿದಾಗ ಬೇರೆ ಬೇರೆ ಉದ್ದದ ಟೇಪುಗಳನ್ನು ಸುತ್ತಲು ಬಿಟ್ಟರು. ಅವು ಒಂದನ್ನೊಂದು ಸಂಧಿಸುವ ಗಳಿಗೆ ಪ್ರತಿಸಲವೂ ಬೇರೆಯಾಗುತ್ತಿತ್ತು. ಮ್ಯಾಕ್ಸ್ ರಿಕ್ಟರರ 2015ರ ‘ಸ್ಲೀಪ್’ ಎಂಬ ಕೃತಿ ಎಂಟು ಗಂಟೆಗಳಷ್ಟು ದೀರ್ಘವಾದದ್ದು. ಪಿಯಾನೋ, ತಂತಿವಾದ್ಯ, ಕಂಠ, ಸಿಂಥಸೈಸರುಗಳು ಕಲೆತ ಈ ಸಂಗೀತವನ್ನು ಕೇಳುಗರು ಹಾಸಿಗೆಯಲ್ಲಿ ಮಲಗಿಯೇ ಆಲಿಸುವ ಏರ್ಪಾಡು. ಏಳು ದಿನ ನಿಂತು ವೀಣೆ ಹಿಡಿಯುವ ಸಪ್ತಾಹದವರು ಇದನ್ನು ಕೇಳಿದರೆ ನಕ್ಕಾರು. ಆದರೂ ಅದರ ಹಿಂದಿರುವ ಹಸಿವು ಅವರಿಗೆ ಅಪರಿಚಿತವಲ್ಲ.

ಮಿರಜಿನ ತಂಬೂರಿ ಕುಶಲಿಗಳ ಕಸುಬಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇತ್ತ ಪೆಟ್ಟಿಗೆಯೂ ವೇದಿಕೆಯಿಂದ ಇಳಿದಿಲ್ಲ. ಅನೇಕ ಕಛೇರಿಗಳಲ್ಲಿ ಈಗ ಎರಡೂ ಇರುತ್ತವೆ: ಮುಂದೆ ಪುಟ್ಟ ಕೆಂಪು ದೀಪ ಉರಿಸುತ್ತ ಪೆಟ್ಟಿಗೆ, ಹಿಂದೆ ಬುರುಡೆಯ ತಂಬೂರಿ. ಪೆಟ್ಟಿಗೆಯನ್ನು ಹಚ್ಚಿ, ಅದರ ಷಡ್ಜಕ್ಕೆ ತಂಬೂರಿಯ ಬಿರಡೆಗಳನ್ನು ತಿರುವಿ, ಮಣಿಗಳನ್ನು ಸರಿಸಿ, ನೂಲನ್ನು ಎಳೆದು ಜವಾರಿ ಹಿಡಿದ ಮೇಲೆ ಪೆಟ್ಟಿಗೆಯನ್ನು ಆರಿಸಿಬಿಡುವ ಗಾಯಕರೂ ಉಂಟು. ಮನೆಯಲ್ಲಿ ಎರಡೂ ಇರುವವರು ಒಂದು ಸಂಜೆ ಇದನ್ನು ಮಾಡಿ ನೋಡಬಹುದು. ಪೆಟ್ಟಿಗೆ ನಿಂತ ಕೂಡಲೇ ಕೋಣೆ ಒಮ್ಮೆ ಬರಿದಾದಂತೆ ತೋರುತ್ತದೆ. ಐದಾರು ಮೀಟುಗಳವರೆಗೆ ತಾಳಬೇಕು. ಆಗ, ಯಾರೂ ಮೀಟದ ಗಾಂಧಾರ ಮೆಲ್ಲನೆ ಏಳುತ್ತದೆ.